ಗೊತ್ತಿದ್ದವರ ಮೌನ: ‘ಕಾತಲ್’ ಮತ್ತು ‘ಫನ್ ಹೋಮ್’ ಕೃತಿಗಳಲ್ಲಿ ಸಲಿಂಗಿ ತಂದೆ

ಸಲಿಂಗಿ ಜೋಡಿಗಳು ಮಕ್ಕಳನ್ನು ಸಾಕಬಹುದೇ ಎಂಬ ಪ್ರಶ್ನೆ ಸುಪ್ರಿಯೋ ಪ್ರಕರಣದ ವಿಚಾರಣೆಯ ಕಾಲದಲ್ಲಿ ನಮ್ಮಲ್ಲಿ ವ್ಯಾಪಕ ಚರ್ಚೆಗೆ ಒಳಗಾಯಿತು. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಸಲಿಂಗ ವಿವಾಹಕ್ಕೆ ಮಾನ್ಯತೆ ನೀಡಲು ನಿರಾಕರಿಸಿತು. ಜೋಡಿಯಾಗಿ ದತ್ತು ಪಡೆಯುವ ಕೋರಿಕೆಯೂ 3:2ರ ಬಹುಮತದಿಂದ ತಿರಸ್ಕೃತವಾಯಿತು. ಪರ ಮತ್ತು ವಿರೋಧದ ವಾದಗಳೆರಡೂ ಸಲಿಂಗಿ ತಂದೆ ಅಥವಾ ತಾಯಿಯನ್ನು ಮುಂದೆಂದೋ ಬರಲಿರುವ ವ್ಯಕ್ತಿಯೆಂಬಂತೆ ಕಲ್ಪಿಸಿಕೊಂಡಿದ್ದವು. ತೀರ್ಪಿನ ಐದು ವಾರಗಳ ಬಳಿಕ, ನವೆಂಬರ್ 23ರಂದು ತೆರೆಕಂಡ ಜಿಯೋ ಬೇಬಿ ನಿರ್ದೇಶನದ ಮಲಯಾಳಂ ಚಿತ್ರ ‘ಕಾತಲ್ – ದಿ ಕೋರ್’ ಈ ಕಲ್ಪನೆಯನ್ನೇ ಅಲುಗಿಸಿತು. ಸಲಿಂಗಿ ತಂದೆ ಮನೆಯೊಳಗೆ ಮೊದಲಿನಿಂದಲೂ ಇದ್ದಾನೆ, ಅವನನ್ನು ಅಲ್ಲಿ ಕೂಡಿಹಾಕಿದ್ದು ನಾವು ಸಹಜವೆಂದು ನಂಬಿರುವ ವಿವಾಹವ್ಯವಸ್ಥೆಯೇ ಎಂಬುದು ಅದರ ತಿರುಳು.

ಚಿತ್ರದ ಹೆಸರು ದ್ವಿಭಾಷಿಕ ಓದುಗರನ್ನು ಒಂದು ಕ್ಷಣ ತಡೆದು ನಿಲ್ಲಿಸುತ್ತದೆ. ತಮಿಳಿನ ‘ಕಾದಲ್’ ಪ್ರೇಮ. ಮಲಯಾಳಂನ ‘ಕಾತಲ್’ ಮರದ ತಿರುಳು, ಕನ್ನಡದಲ್ಲಿ ಚೇಗು. ಚೇಗು ಮರದ ಜೀವರಸವನ್ನು ಸಾಗಿಸುವುದಿಲ್ಲ, ಆದರೆ ಮರವನ್ನು ಎತ್ತಿ ನಿಲ್ಲಿಸುತ್ತದೆ. ಮ್ಯಾಥ್ಯೂ ದೇವಸ್ಸಿಯ ದಾಂಪತ್ಯವೂ ಅಂಥದ್ದೇ. ಸಹಕಾರಿ ಬ್ಯಾಂಕಿನ ಈ ನಿವೃತ್ತ ನೌಕರ ಊರಿನ ಪಂಚಾಯಿತಿ ಉಪಚುನಾವಣೆಗೆ ನಿಲ್ಲುವ ಹೊತ್ತಿನಲ್ಲೇ ಪತ್ನಿ ಓಮನಾ, ಗಂಡ ಸಲಿಂಗಿ ಎಂಬ ಕಾರಣಕೊಟ್ಟು ವಿಚ್ಛೇದನದ ಅರ್ಜಿ ಸಲ್ಲಿಸಿದ್ದಾಳೆ. ಮದುವೆಯಾಗಿ ಇಪ್ಪತ್ತು ವರ್ಷ. ಕಾಲೇಜು ಓದುವ ಮಗಳಿದ್ದಾಳೆ. ಮೊಕದ್ದಮೆ ನಡೆಯುತ್ತಿರುವಾಗಲೂ ಎಲ್ಲರೂ ಒಂದೇ ಸೂರಿನಡಿ ಉಣ್ಣುತ್ತಾರೆ, ಮಲಗುತ್ತಾರೆ.

ಕನ್ನಡದ ಓದುಗರಿಗೆ ಈ ಮನೆಯ ಹೊರಬಾಗಿಲು ಪರಿಚಿತ. ವಸುಧೇಂದ್ರರ ‘ಮೋಹನಸ್ವಾಮಿ’ (2013) ಸಂಕಲನದಲ್ಲಿ ಸಂಗಾತಿ ಕಾರ್ತಿಕ್ ಹೆಣ್ಣೊಬ್ಬಳನ್ನು ಮದುವೆಯಾಗಲು ಹೊರಟಾಗ ಹಿಂದೆ ಉಳಿದವನ ಸಂಕಟವಿದೆ. ಅದು ಮದುವೆಯ ಚಪ್ಪರದಾಚೆ ನಿಂತವನ ಕಥನ. ಅಂಥ ಮದುವೆಗಳ ಒಳಗೆ ದಶಕಗಳನ್ನು ಕಳೆದವರು ಏನಾದರು ಎಂಬ ಪ್ರಶ್ನೆಯಿಂದ ‘ಕಾತಲ್’ ಹೊರಡುತ್ತದೆ.

ಈ ಚಿತ್ರದ ಅಸಾಧಾರಣ ನಿರ್ಧಾರವೆಂದರೆ ನಿಜವನ್ನು ಒಪ್ಪಿಕೊಳ್ಳುವ ಹೊಣೆಯನ್ನು ಮ್ಯಾಥ್ಯೂವಿನ ವೃದ್ಧ ತಂದೆ ದೇವಸ್ಸಿಯ ಹೆಗಲಿಗೂ ಹೊರಿಸಿದ್ದು. ಮಗನ ಒಲವು ಯಾವುದೆಂದು ತನಗೆ ತಿಳಿದಿತ್ತು, ತಿಳಿದೂ ಮದುವೆಗೆ ಒತ್ತಾಯಿಸಿದೆ ಎಂದು ಆ ಮುದುಕ ನ್ಯಾಯಾಲಯದಲ್ಲಿ ಸಾಕ್ಷಿ ನುಡಿಯುತ್ತಾನೆ. ಇಲ್ಲಿಂದ ಮುಂದೆ ಮ್ಯಾಥ್ಯೂವನ್ನು ತಂದೆ ಎಂದಷ್ಟೇ ನೋಡಲಾಗುವುದಿಲ್ಲ. ಅವನು ಮಗನೂ ಹೌದು. ಗುಟ್ಟು ಒಬ್ಬನ ಸ್ವತ್ತಾಗಿರಲಿಲ್ಲ. ಮನೆಯ ಮಾನದ ಹೆಸರಿನಲ್ಲಿ ಒಂದು ತಲೆಮಾರು ಇನ್ನೊಂದಕ್ಕೆ ಹಸ್ತಾಂತರಿಸಿದ ಆಸ್ತಿಯಾಗಿತ್ತು. ಅದರ ಸಾಲ ತೀರಿಸಿದವಳು ಓಮನಾ. ಅವಳ ಅರ್ಜಿಯನ್ನು ಸೇಡಾಗಿ ಚಿತ್ರಿಸದೆ ಇಬ್ಬರನ್ನೂ ಬಿಡುಗಡೆಗೊಳಿಸುವ ಕ್ರಮವಾಗಿ ಕಂಡದ್ದು ಚಿತ್ರದ ನೈತಿಕ ಬಲ.

ಇದರ ಪಕ್ಕದಲ್ಲಿ ಅಲಿಸನ್ ಬೆಕ್ಡೆಲ್ ಅವರ ಚಿತ್ರಕಥನ ‘ಫನ್ ಹೋಮ್’ (2006) ಇಟ್ಟು ನೋಡಬೇಕು. ಇದು ಲೇಖಕಿಯ ಆತ್ಮಕಥನ. ಪೆನ್ಸಿಲ್ವೇನಿಯಾದ ಬೀಚ್ ಕ್ರೀಕ್ ಎಂಬ ಸಣ್ಣ ಊರಿನಲ್ಲಿ ತಂದೆ ಬ್ರೂಸ್ ಇಂಗ್ಲಿಷ್ ಉಪಾಧ್ಯಾಯ. ಜೊತೆಗೆ ಮನೆತನದ ಶವಸಂಸ್ಕಾರ ಸಂಸ್ಥೆಯನ್ನೂ ನೋಡಿಕೊಳ್ಳುತ್ತಾನೆ. ಕಾಲೇಜಿನಲ್ಲಿದ್ದ ಮಗಳು ತಾನು ಸಲಿಂಗಿ ಎಂದು ಹೆತ್ತವರಿಗೆ ಪತ್ರ ಬರೆಯುತ್ತಾಳೆ. ಅದಕ್ಕೆ ಪ್ರತಿಯಾಗಿ ತಾಯಿಯಿಂದ ತಿಳಿಯುವುದು ತಂದೆಗೂ ಗಂಡಸರೊಂದಿಗೆ ಸಂಬಂಧಗಳಿದ್ದವು ಎಂಬ ಸಂಗತಿ. ಕೆಲವೇ ತಿಂಗಳಲ್ಲಿ, 1980ರಲ್ಲಿ, ಆತ ಲಾರಿಗೆ ಸಿಕ್ಕಿ ಸಾಯುತ್ತಾನೆ. ಅದಕ್ಕೆ ಎರಡು ವಾರ ಮುಂಚೆ ತಾಯಿ ವಿಚ್ಛೇದನ ಕೇಳಿದ್ದಳು. ಆ ಸಾವು ಅಪಘಾತವೋ ಆತ್ಮಹತ್ಯೆಯೋ, ತನ್ನ ಪತ್ರಕ್ಕೆ ಅದರಲ್ಲಿ ಪಾಲಿದೆಯೋ ಎಂಬ ಪ್ರಶ್ನೆ ಇಡೀ ಕೃತಿಯನ್ನು ಕಾಡುತ್ತದೆ.

ಎರಡು ಕೃತಿಗಳಲ್ಲೂ ಹೆಂಡತಿ ವಿಚ್ಛೇದನ ಕೇಳುತ್ತಾಳೆ. ಒಂದರಲ್ಲಿ ಕಥೆ ಅಲ್ಲಿಂದ ಆರಂಭವಾದರೆ, ಇನ್ನೊಂದರಲ್ಲಿ ಅದರ ಬೆನ್ನಿಗೇ ತಂದೆಯ ಬದುಕು ಮುಗಿಯುತ್ತದೆ. ವ್ಯತ್ಯಾಸ ಇರುವುದು ನಿಜವನ್ನು ಹಂಚಿಕೊಳ್ಳುವವರು ಎಷ್ಟು ಜನ ಎಂಬುದರಲ್ಲಿ. ‘ಕಾತಲ್’ನಲ್ಲಿ ಹೆಂಡತಿ, ತಂದೆ, ವಕೀಲರು, ಕೊನೆಗೆ ಮತದಾರರೂ ಆ ಭಾರಕ್ಕೆ ಕೈಕೊಡುತ್ತಾರೆ. ಬ್ರೂಸ್‌ನ ಪಾಲಿಗೆ ಅಂಥ ಸಾಕ್ಷಿಕಟ್ಟೆ ಇಲ್ಲ.

ಆದರೆ ‘ಫನ್ ಹೋಮ್’ ಕೊಡುವ ಒಂದು ನೋಟ ಮಲಯಾಳಂ ಚಿತ್ರದಲ್ಲಿ ಇಲ್ಲ: ಮಗುವಿನದು. ತಂದೆ ಸತ್ತ ಮೇಲೆ ಮಗಳಿಗೆ ಒಂದು ಫೋಟೊ ಸಿಗುತ್ತದೆ. ಮಕ್ಕಳನ್ನು ನೋಡಿಕೊಳ್ಳಲು ಬರುತ್ತಿದ್ದ ಯುವಕನನ್ನು ತಂದೆಯೇ ತೆಗೆದ ಚಿತ್ರ ಅದು. ಅಂಚಿನಲ್ಲಿ ಅಚ್ಚಾಗಿದ್ದ ಇಸವಿಯನ್ನು ಆತ ಮಸಿಯಿಂದ ಅಳಿಸಿದ್ದಾನೆ, ತಿಂಗಳನ್ನು ಹಾಗೇ ಬಿಟ್ಟಿದ್ದಾನೆ. ಬೆಕ್ಡೆಲ್ ಆ ಫೋಟೊವನ್ನು ಕೃತಿಯ ನಡುವೆ ಎರಡು ಪುಟಗಳ ಅಗಲಕ್ಕೆ ಕೈಯಿಂದ ಮರುಚಿತ್ರಿಸುತ್ತಾರೆ. ಅದನ್ನು ಹಿಡಿದ ಬೆರಳುಗಳೂ ಚಿತ್ರದಲ್ಲಿವೆ. ಅರೆಬರೆ ಅಳಿಸಿದ ಆ ಗುರುತಿನಲ್ಲಿ ಬಚ್ಚಿಡುವ ಆಸೆಯೂ ಉಳಿಸಿಕೊಳ್ಳುವ ಆಸೆಯೂ ಒಟ್ಟಿಗಿವೆ. ಮಗಳು ಇಲ್ಲಿ ತಂದೆಯ ತೀರ್ಪುಗಾರಳಾಗುವುದಿಲ್ಲ, ಓದುಗಳಾಗುತ್ತಾಳೆ. ಕಾರಿನಲ್ಲಿ ಇಬ್ಬರೇ ಹೋಗುವ ಪ್ರಸಂಗದಲ್ಲಿ ತಂದೆ ತನ್ನ ಹಳೆಯದನ್ನು ತಡವರಿಸುತ್ತ ಹೇಳಿಕೊಂಡಾಗ, ಇಬ್ಬರಲ್ಲಿ ಹಿರಿಯರು ಯಾರು ಎಂಬುದೇ ಅವಳಿಗೆ ಗೊಂದಲ. ದೇವಸ್ಸಿ ಮತ್ತು ಮ್ಯಾಥ್ಯೂ ಕಡೆಗೊಮ್ಮೆ ತಬ್ಬಿ ಅಳುವಾಗಲೂ ಇದೇ ಅದಲುಬದಲು ನಡೆಯುತ್ತದೆ.

ಈ ಹೋಲಿಕೆಯಲ್ಲಿ ಮ್ಯಾಥ್ಯೂವಿನ ಮಗಳು ಫೆಮಿಗೆ ಸಿಕ್ಕ ಅವಕಾಶ ತೀರ ಕಿರಿದೆಂದು ತೋರುತ್ತದೆ. ಅವಳು ತಾಯಿಯ ಜೊತೆಗಿದ್ದಾಳೆ, ತಂದೆಯನ್ನು ದೂಷಿಸುವುದಿಲ್ಲ. ಅವಳ ಬಗ್ಗೆ ನಮಗೆ ತಿಳಿಯುವುದು ಹೆಚ್ಚುಕಡಿಮೆ ಇಷ್ಟೇ. ತನ್ನ ಹುಟ್ಟು ಯಾವ ಒತ್ತಾಯದ ಫಲ ಎಂದು ನ್ಯಾಯಾಲಯದಲ್ಲಿ ಬಯಲಾದಾಗ ಅವಳೊಳಗೆ ಏನಾಯಿತು? ಚಿತ್ರ ಈ ಪ್ರಶ್ನೆಯ ಹೊಸ್ತಿಲಿಗೆ ಬಂದು ಹಿಂದಿರುಗುತ್ತದೆ. ಮ್ಯಾಥ್ಯೂ ಮತ್ತು ಅವನ ಗೆಳೆಯ ತಂಗನ್ ಪರಸ್ಪರ ಮಾತನಾಡುವ ಸಂದರ್ಭಗಳೂ ಅಪರೂಪ. ಕುಟುಂಬದ ಪ್ರೇಕ್ಷಕರನ್ನು ಕಳೆದುಕೊಳ್ಳದಿರುವ ಎಚ್ಚರ ಎರಡರ ಹಿಂದೆಯೂ ಇರಬಹುದು. ಆ ಎಚ್ಚರದಿಂದಲೇ ಚಿತ್ರ ಬಹುಜನರನ್ನು ತಲುಪಿತು ಎಂಬುದನ್ನೂ ಒಪ್ಪಬೇಕು. ಆದರೂ ಮೌನವನ್ನು ಮುರಿಯಲು ಹೊರಟ ಕೃತಿ ಮಗಳಿಗೆ ಮತ್ತೆ ಮೌನವನ್ನೇ ಕೊಟ್ಟದ್ದು ಸಣ್ಣ ಕೊರತೆಯಲ್ಲ.

ಇನ್ನೂ ಒಂದು ಖಾಲಿ ಜಾಗವಿದೆ. ಇಲ್ಲಿ ಹೆಸರಿಸಿದ ಯಾವ ಕೃತಿಯಲ್ಲೂ ಸಲಿಂಗಿ ತಾಯಿ ಇಲ್ಲ. ಓಮನಾಳ ಜಾಗದಲ್ಲಿ ಮ್ಯಾಥ್ಯೂ ಅರ್ಜಿದಾರನಾಗಿದ್ದು, ಸಲಿಂಗಿಯೆಂದು ಹೆಸರಿಸಲ್ಪಟ್ಟವಳು ಓಮನಾ ಆಗಿದ್ದರೆ ಆ ಮನೆ, ಆ ಇಗರ್ಜಿ, ಆ ವಾರ್ಡಿನ ಮತದಾರರು ಇಷ್ಟೇ ಉದಾರವಾಗಿರುತ್ತಿದ್ದರೇ? ಗಂಡಸಿನ ಗುಟ್ಟಿಗೆ ಮನೆ ಹೊದಿಕೆಯಾಗುತ್ತದೆ. ಹೆಣ್ಣಿನ ಗುಟ್ಟಿಗೆ ಅದೇ ಮನೆ ಕಾವಲಾಗುತ್ತದೆ.

ಮಕ್ಕಳ ಹಿತದ ಹೆಸರಿನಲ್ಲಿ ಸಲಿಂಗಿ ಪೋಷಕತ್ವವನ್ನು ಪ್ರಶ್ನಿಸುವವರಿಗೆ ಈ ಎರಡು ಕೃತಿಗಳು ಸೇರಿ ಕೊಡುವ ಉತ್ತರ ಸ್ಪಷ್ಟ. ಬೆಕ್ಡೆಲ್‌ಳಿಗಾಗಲಿ ಫೆಮಿಗಾಗಲಿ ಗಾಯವಾದದ್ದು ತಂದೆಯ ಒಲವಿನಿಂದಲ್ಲ, ಆ ಒಲವನ್ನು ಬಲ್ಲವರೆಲ್ಲ ಸೇರಿ ಕಟ್ಟಿದ ಮೌನದಿಂದ. ಆ ಮೌನವನ್ನು ಮಗುವಿನ ಕಣ್ಣಿನಿಂದ ಬಿಡಿಸಿ ಬರೆಯುವ ಕೆಲಸ ನಮ್ಮ ಭಾಷೆಗಳ ಮುಂದಿದೆ.