ತೆಂಗಿನ ಗರಿಯೂ ಜೆಪೆಗ್ ಫೈಲೂ

ಕಂಪ್ಯೂಟರಿನ ಪಾಲಿಗೆ ಫೋಟೊ ಎಂದರೆ ಬರೀ ಅಂಕಿಗಳು. 24 ಮೆಗಾಪಿಕ್ಸೆಲ್ ಕ್ಯಾಮೆರಾ ತೆಗೆದ ಚಿತ್ರದಲ್ಲಿ ಅಡ್ಡಕ್ಕೆ 6000, ಎತ್ತರಕ್ಕೆ 4000 ಪಿಕ್ಸೆಲ್ ಇರುತ್ತವೆ. ಪ್ರತಿ ಪಿಕ್ಸೆಲ್‌ಗೂ ಕೆಂಪು, ಹಸಿರು, ನೀಲಿಗೆ ಒಂದೊಂದರಂತೆ ಮೂರು ಅಂಕಿ. ಒಂದೊಂದೂ 0ಯಿಂದ 255ರೊಳಗೆ. ಮೂರೂ 0 ಆದರೆ ಕಡುಗಪ್ಪು, ಮೂರೂ 255 ಆದರೆ ಅಚ್ಚ ಬಿಳಿ. ಅಂಕಿಗೊಂದು ಬೈಟ್ ಎಂದರೂ ಇಡೀ ಚಿತ್ರಕ್ಕೆ 72 ಎಂಬಿ ಬೇಕು. 1957ರಲ್ಲಿ ಅಮೆರಿಕದ ರಸೆಲ್ ಕಿರ್ಶ್ ತಮ್ಮ ಹಸುಗೂಸಿನ ಫೋಟೊವನ್ನು ಕಂಪ್ಯೂಟರಿಗೆ ಸ್ಕ್ಯಾನ್ ಮಾಡಿದಾಗ ಅದರ ಅಳತೆ 176ಕ್ಕೆ 176 ಪಿಕ್ಸೆಲ್, ಅಷ್ಟೇ.

72 ಎಂಬಿಯಷ್ಟು ದೊಡ್ಡ ಚಿತ್ರ ಮೆಮೊರಿ ಕಾರ್ಡಿನಲ್ಲಿ ಕೆಲವೇ ಎಂಬಿಗೆ ಇಳಿಯುವುದು 1992ರಲ್ಲಿ ಬಂದ ಜೆಪೆಗ್ ವಿಧಾನದಿಂದ. ಅದರ ತಿರುಳಾದ ಗಣಿತವನ್ನು 1974ರಲ್ಲಿ ಟಿ. ನಟರಾಜನ್, ಕೆ.ಆರ್. ರಾವ್ ಜೊತೆ ಪ್ರಕಟಿಸಿದ ನಾಸಿರ್ ಅಹ್ಮದ್ ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲೇ ಎಂಜಿನಿಯರಿಂಗ್ ಓದಿದವರು. ಫೋಟೊ ತೆಗೆಯುವ ಪ್ರತಿಯೊಬ್ಬ ಕನ್ನಡಿಗನಿಗೂ ಗೊತ್ತಿರಬೇಕಾದ ಹೆಸರು ಇದು.

ಜೆಪೆಗ್ ಮೊದಲು ಬೆಳಕನ್ನೂ ಬಣ್ಣವನ್ನೂ ಬೇರ್ಪಡಿಸುತ್ತದೆ. ಬೆಳಕಿನ ಸೂಕ್ಷ್ಮ ಏರಿಳಿತ ಕಣ್ಣಿಗೆ ಕಂಡಷ್ಟು ಬಣ್ಣದ ಏರಿಳಿತ ಕಾಣುವುದಿಲ್ಲ. ಹಾಗಾಗಿ ಸಾಮಾನ್ಯವಾಗಿ ನಾಲ್ಕು ಪಿಕ್ಸೆಲ್‌ಗಳಿಗೆ ಒಂದೇ ಬಣ್ಣದ ಲೆಕ್ಕ ಉಳಿಯುತ್ತದೆ. ಆಮೇಲೆ ಚಿತ್ರ ಎಂಟಕ್ಕೆ ಎಂಟು ಪಿಕ್ಸೆಲ್‌ಗಳ ಚೌಕಗಳಾಗಿ ಒಡೆಯುತ್ತದೆ. ಚೌಕದ 64 ಅಂಕಿಗಳ ಜಾಗದಲ್ಲಿ ಬೇರೆ 64 ಬರುತ್ತವೆ: ಮೊದಲನೆಯದು ಚೌಕದ ಸರಾಸರಿ ಬೆಳಕು, ಉಳಿದ 63 ಆ ಬೆಳಕು ಚೌಕದೊಳಗೆ ಎಷ್ಟು ನಿಧಾನವಾಗಿ ಅಥವಾ ಎಷ್ಟು ಬೇಗಬೇಗ ಬದಲಾಗುತ್ತದೆ ಎಂಬುದರ ಅಳತೆ. ಬೇಗ ಬದಲಾಗುವುದರ ಅಳತೆಗಳನ್ನು ಒರಟು ಅಂದಾಜಿಗೆ ಇಳಿಸಿದರೆ ಬಹಳಷ್ಟು ಸೊನ್ನೆಯಾಗುತ್ತವೆ. ಸೊನ್ನೆಗಳ ಸಾಲಿಗೆ ಜಾಗ ಹೆಚ್ಚು ಬೇಡ.

ತಿಳಿ ಆಕಾಶಕ್ಕೆ ಇದರಿಂದ ಅಷ್ಟೇನೂ ತೊಂದರೆಯಿಲ್ಲ. ಅದೇ ಆಕಾಶಕ್ಕೆ ತೆಂಗಿನ ಗರಿ ಅಡ್ಡ ಬಂದಿದ್ದರೆ ಕಥೆ ಬೇರೆ. ಗರಿಯ ಅಂಚಿನಲ್ಲಿ ಬೆಳಕು ಥಟ್ಟನೆ ಬದಲಾಗುತ್ತದೆ. ಜೆಪೆಗ್ ಕತ್ತರಿಸುವುದೂ ಅದನ್ನೇ. ಗುಣಮಟ್ಟ ತೀರಾ ಇಳಿಸಿದ ಫೈಲನ್ನು ಹಿಗ್ಗಿಸಿ ನೋಡಿದರೆ ಪ್ರತಿ ಎಲೆಯ ಸುತ್ತ ಧೂಳಿನಂಥ ಚುಕ್ಕೆಗಳು, ಅವುಗಳಾಚೆ ಚೌಕದ ಗೆರೆಗಳು ಎದ್ದು ಕಾಣುತ್ತವೆ. ಕಳೆದುಹೋದ ವಿವರವನ್ನು ಫೈಲಿನಿಂದ ಮತ್ತೆ ಪಡೆಯುವಂತಿಲ್ಲ. ತಿದ್ದಿ ಸೇವ್ ಮಾಡಿದಾಗಲೆಲ್ಲ ಇನ್ನಷ್ಟು ಹೋಗುತ್ತದೆ.

ಜೆಪೆಗ್ ಬದಲು ಕ್ಯಾಮೆರಾದಲ್ಲಿ ಆರಿಸಬಹುದಾದ ರಾ (RAW) ಫೈಲಿನಲ್ಲಿ ಸೆನ್ಸರ್ ಕಂಡ ಅಂಕಿಗಳೇ ಇರುತ್ತವೆ. 14 ಬಿಟ್ ಆದರೆ ಕಪ್ಪಿನಿಂದ ಬಿಳಿಗೆ 16,384 ಮೆಟ್ಟಿಲು, ಜೆಪೆಗ್‌ನಲ್ಲಿ 256. ನೆರಳಿನಲ್ಲಿ ಅಡಗಿದ ಮುಖವನ್ನು ಬೆಳಗಿಸುವಾಗ ಈ ಅಂತರ ಚೆನ್ನಾಗಿ ತಿಳಿಯುತ್ತದೆ. ಮುಂದೆ ತಿದ್ದುವ ಉದ್ದೇಶವಿದ್ದರೆ ರಾ ಫೈಲಿನಲ್ಲೇ ತೆಗೆಯಬೇಕು. ಬರೀ ಜೆಪೆಗ್ ಇದ್ದರೆ ಮೂಲ ಫೈಲನ್ನು ಮುಟ್ಟದೆ ಎತ್ತಿಟ್ಟು, ಅದರ ಪ್ರತಿಯನ್ನಷ್ಟೇ ತಿದ್ದಬೇಕು.