ಬೆಳೆಯದ ದನಿ: ಸೀಡರ್‌ಮಾಂಟ್ ಕಿಡ್ಸ್ ಧ್ವನಿಮುದ್ರಿಕೆಗಳು ಮತ್ತು ಕಲ್ಯಾಣ ಸೀಮೆಯ ಮಕ್ಕಳ ಹಾಡು

ನಮ್ಮ ಸಭೆಗಳಲ್ಲಿ ಪ್ರಸಂಗವನ್ನು ಪರೀಕ್ಷಿಸುವವರಿದ್ದಾರೆ. ಮಕ್ಕಳ ಹಾಡನ್ನು ಪರೀಕ್ಷಿಸುವವರಿಲ್ಲ. ದೈವಶಾಸ್ತ್ರದ ವಿದ್ಯಾರ್ಥಿಯು ಬರೆದ ಪ್ರಸಂಗದ ಪ್ರತಿ ವಾಕ್ಯಕ್ಕೂ ಗುರುಗಳು ಗೆರೆ ಎಳೆಯುತ್ತಾರೆ. ಆದರೆ ಐದು ವರ್ಷದ ಮಗು ಭಾನುವಾರದ ಶಾಲೆಯಲ್ಲಿ ಕಲಿತು ಮುಪ್ಪಿನವರೆಗೂ ಮರೆಯದೆ ಉಳಿಸಿಕೊಳ್ಳುವ ಎಂಟು ಸಾಲುಗಳು ಯಾರ ಕಣ್ಣಿಗೂ ಬೀಳದೆ ಸಭೆಯೊಳಗೆ ಬರುತ್ತವೆ. ಪದ್ಯದಲ್ಲಿ ಕಲಿತದ್ದು ಹೆಚ್ಚು ಕಾಲ ನಿಲ್ಲುತ್ತದೆಂಬ ಕಾರಣಕ್ಕಾಗಿಯೇ ಐಸಾಕ್ ವಾಟ್ಸ್ 1715ರಲ್ಲಿ ಮಕ್ಕಳಿಗೆಂದು ದೈವಿಕ ಗೀತೆಗಳ ಪುಸ್ತಕವೊಂದನ್ನು ಹೊರತಂದನು. ನಿಲ್ಲುವುದು ಯಾವುದು ಎಂಬ ಪ್ರಶ್ನೆಯನ್ನು ಅಂದಿನಂತೆ ಇಂದೂ ಕೇಳಬೇಕಾಗಿದೆ.

ನಾವು ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವುದು ಅಮೆರಿಕದ ಟೆನ್ನೆಸಿ ಪ್ರಾಂತದಲ್ಲಿ ಹುಟ್ಟಿ, 1990ರ ದಶಕದಿಂದ ಧ್ವನಿಮುದ್ರಿಕೆಗಳನ್ನು ಹೊರತಂದ ಸೀಡರ್‌ಮಾಂಟ್ ಕಿಡ್ಸ್ ಎಂಬ ಮಕ್ಕಳ ಗಾಯನವೃಂದವನ್ನು. ಮೈಕ್ ಗೇ ಮತ್ತು ಸ್ಯೂ ಗೇ ದಂಪತಿ ಕಟ್ಟಿದ ಈ ವೃಂದವು 'ಆಕ್ಷನ್ ಬೈಬಲ್ ಸಾಂಗ್ಸ್', 'ಸಂಡೇ ಸ್ಕೂಲ್ ಸಾಂಗ್ಸ್', 'ಬೈಬಲ್ ಸಾಂಗ್ಸ್', 'ಹಿಮ್ಸ್', 'ಟಾಡ್ಲರ್ ಟ್ಯೂನ್ಸ್' ಮುಂತಾದ ಹೆಸರುಗಳಲ್ಲಿ ಒಂದು ದೊಡ್ಡ ಸರಣಿಯನ್ನೇ ಮುದ್ರಿಸಿದೆ. ಹೊಸ ರಚನೆಗಳಿಗಿಂತ, ಅಮೆರಿಕದ ಭಾನುವಾರದ ಶಾಲೆಗಳಲ್ಲಿ ಹಲವು ತಲೆಮಾರುಗಳಿಂದ ಹಾಡುತ್ತ ಬಂದ ಹಾಡುಗಳನ್ನು ಒಂದೆಡೆ ಸೇರಿಸಿದ್ದೇ ಇದರ ಮುಖ್ಯ ಕಾರ್ಯ. ಕ್ಯಾಸೆಟ್ಟಾಗಿ, ಸಿಡಿಯಾಗಿ, ಈಗ ಯೂಟ್ಯೂಬಿನಲ್ಲಿ ಯಾರ ಕೈಗಾದರೂ ಸಿಗುವಂತಾಗಿ ಅವು ಹರಡಿವೆ. ಬಸವಕಲ್ಯಾಣದಲ್ಲಾಗಲಿ ಹುಮನಾಬಾದಿನಲ್ಲಾಗಲಿ ಭಾನುವಾರದ ಶಾಲೆಯ ಶಿಕ್ಷಕಿಯೊಬ್ಬರು ಮೊಬೈಲನ್ನು ಸಣ್ಣ ಸ್ಪೀಕರಿಗೆ ಜೋಡಿಸಿದರೆ ಸಾಕು, ಟೆನ್ನೆಸಿಯ ಮಕ್ಕಳು ಹಾಡಲು ತೊಡಗುತ್ತಾರೆ; ಇಲ್ಲಿಯ ಮಕ್ಕಳು ಕೈ ಎತ್ತಿ ಇಳಿಸುತ್ತಾರೆ. ಆ ಕೋಣೆಯಲ್ಲಿ ಏನು ನಡೆಯುತ್ತದೆ ಎಂಬಷ್ಟೇ ನಮ್ಮ ವಿಷಯ. ಅಮೆರಿಕದಲ್ಲಿ ಈ ಹಾಡುಗಳ ಬೆಲೆ ಏನೆಂಬುದನ್ನು ಅಲ್ಲಿಯವರೇ ಹೇಳಲಿ.

ಮೊದಲು ಸಲ್ಲಬೇಕಾದ ಮೆಚ್ಚುಗೆ ಸಲ್ಲಲಿ. ಈ ಮುದ್ರಿಕೆಗಳಲ್ಲಿ ಮಕ್ಕಳು ಮಕ್ಕಳಂತೆಯೇ ಹಾಡುತ್ತಾರೆ. ಶ್ರುತಿ ಅವರ ಕಂಠಕ್ಕೆ ನಿಲುಕುವ ಎತ್ತರದಲ್ಲಿದೆ, ಲಯ ಅವರ ಉಸಿರಿಗೆ ಒಗ್ಗುತ್ತದೆ, ಒಂದೊಂದು ಪದವೂ ಸ್ಪಷ್ಟವಾಗಿ ಕೇಳುತ್ತದೆ. ನಮ್ಮಲ್ಲಿ ತಯಾರಾಗುವ ಅನೇಕ ಕ್ರೈಸ್ತ ಮಕ್ಕಳ ಮುದ್ರಿಕೆಗಳ ಸ್ಥಿತಿ ಹೀಗಿಲ್ಲ. ಪ್ರೌಢ ಗಾಯಕಿಯೊಬ್ಬಳು ಮೂಗಿನಲ್ಲಿ ಮಗುವಿನ ದನಿ ತೆಗೆಯುತ್ತಾಳೆ; ಇಲ್ಲವೆ ಎಂಟು ವರ್ಷದ ಬಾಲಕನು ಸಿನಿಮಾ ಗಾಯಕನಂತೆ ತಾರಸ್ಥಾಯಿಯಲ್ಲಿ ಕಿರುಚುವಂತೆ ಮಾಡಲಾಗುತ್ತದೆ. ಇವೆರಡೂ ಮಗುವಿಗೆ ಮಾಡುವ ಅಗೌರವವೇ. ಸೀಡರ್‌ಮಾಂಟಿನ ಸಂಯಮದಿಂದ ನಮ್ಮ ಮುದ್ರಣಗಾರರು ಕಲಿಯಬೇಕಾದದ್ದು ಬಹಳವಿದೆ.

ಇನ್ನು ಒಳಗಿನ ಮಾತಿಗೆ ಬರೋಣ. ಬೀದರ ಜಿಲ್ಲೆಯ ಹಳೆಯ ಪ್ರಾಟೆಸ್ಟಂಟ್ ಸಭೆಗಳು ಬಹುಪಾಲು ಮೆಥೊಡಿಸ್ಟ್ ಪರಂಪರೆಯವು. ಆ ಪರಂಪರೆಯಲ್ಲೇ ಮಕ್ಕಳ ಹಾಡಿಗೊಂದು ಒರೆಗಲ್ಲು ಇದೆ. ಚಾರ್ಲ್ಸ್ ವೆಸ್ಲಿಯು 1763ರಲ್ಲಿ ಮಕ್ಕಳಿಗಾಗಿ ಕೀರ್ತನೆಗಳನ್ನು ಪ್ರಕಟಿಸಿದನು. ಅದೇ ಸಂಗ್ರಹವು 1790ರಲ್ಲಿ ಮತ್ತೆ ಅಚ್ಚಾದಾಗ ಅವನ ಅಣ್ಣ ಜಾನ್ ವೆಸ್ಲಿಯು ಬರೆದ ಮುನ್ನುಡಿಯ ಆಶಯವಿದು: ಮಕ್ಕಳಿಗಾಗಿ ಬರೆಯುವ ದಾರಿ ಎರಡು, ನಾವು ಅವರ ಮಟ್ಟಕ್ಕೆ ಇಳಿಯುವುದು ಒಂದು, ಅವರನ್ನು ನಮ್ಮ ಮಟ್ಟಕ್ಕೆ ಎತ್ತಿಕೊಳ್ಳುವುದು ಇನ್ನೊಂದು. ವಾಟ್ಸ್ ಮೊದಲನೆಯ ದಾರಿ ಹಿಡಿದನು, ತನ್ನ ತಮ್ಮನು ಎರಡನೆಯದನ್ನು ಹಿಡಿದನು ಎಂದು ಅವನು ತೀರ್ಮಾನಿಸಿದನು. ಇಳಿಯುವುದೇ ತಪ್ಪೆಂದು ನಾವು ಹೇಳಲಾರೆವು. ಫಿಲಿಪ್ಪಿಯವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯವನ್ನು ಓದಿದವರು ಹಾಗೆ ಹೇಳುವಂತಿಲ್ಲ. ಆದರೆ ಇಳಿದು ಬಂದವನು ಬರಿಗೈಯಲ್ಲಿ ಹಿಂದಿರುಗಲಿಲ್ಲ, ನಮ್ಮನ್ನೂ ಎತ್ತಿಕೊಂಡನು. ಈ ಮುದ್ರಿಕೆಗಳಲ್ಲಿ ಇಳಿಯುವಿಕೆ ಧಾರಾಳವಾಗಿದೆ. ಎತ್ತುವಿಕೆ ಎಷ್ಟು ಎಂಬುದೇ ಪ್ರಶ್ನೆ.

ಜಕ್ಕಾಯನ ಹಾಡನ್ನು ತೆಗೆದುಕೊಳ್ಳಿ. ಕೈಬೆರಳುಗಳಿಂದ ಕುಳ್ಳನನ್ನು ತೋರಿಸಿ, ಮರ ಹತ್ತುವಂತೆ ಅಭಿನಯಿಸಿ, ಬೆರಳು ಅಲ್ಲಾಡಿಸಿ ಅವನನ್ನು ಕೆಳಗೆ ಕರೆಯುವ ಈ ಹಾಡು ಮಕ್ಕಳಿಗೆ ಬಹು ಪ್ರಿಯವಾದದ್ದು. ಅದು ಯೇಸು ಅವನ ಮನೆಗೆ ಬರುವೆನೆಂದು ಹೇಳುವಲ್ಲಿಗೆ ಮುಗಿಯುತ್ತದೆ. ಲೂಕನ ಸುವಾರ್ತೆ ಅಲ್ಲಿಗೆ ಮುಗಿಯುವುದಿಲ್ಲ. ಹತ್ತೊಂಬತ್ತನೆಯ ಅಧ್ಯಾಯದ ಎಂಟನೆಯ ವಚನದಲ್ಲಿ ಜಕ್ಕಾಯನು ಎದ್ದು ನಿಂತು ತನ್ನ ಆಸ್ತಿಯ ಅರ್ಧವನ್ನು ಬಡವರಿಗೆ ಕೊಡುವುದಾಗಿಯೂ, ಅನ್ಯಾಯವಾಗಿ ಕಸಿದುಕೊಂಡದ್ದನ್ನು ನಾಲ್ಕರಷ್ಟು ಹಿಂದಿರುಗಿಸುವುದಾಗಿಯೂ ಹೇಳುತ್ತಾನೆ. ಆ ಮನೆಗೆ ರಕ್ಷಣೆಯಾಯಿತೆಂಬ ಕರ್ತನ ಮಾತು ಬರುವುದು ಅದಾದ ಮೇಲೆ. ಹಾಡು ಮರವನ್ನು ಉಳಿಸಿಕೊಂಡು ಲೆಕ್ಕವನ್ನು ಬಿಟ್ಟಿತು. ಕಬ್ಬಿನ ಗದ್ದೆಯ ಕೂಲಿ, ಸಾಲದ ಬಡ್ಡಿ, ದುಡಿಯಲು ಊರು ಬಿಟ್ಟು ಹೋಗುವುದು ಇವುಗಳ ಮಾತು ಮನೆಯಲ್ಲಿ ದಿನವೂ ಕೇಳುವ ಮಗುವಿಗೆ ಆ ಲೆಕ್ಕ ಕಷ್ಟದ್ದೇನಲ್ಲ. ನಾಲ್ಕರ ಮಗ್ಗಿ ಅದಕ್ಕೆ ಬರುತ್ತದೆ. ಅಲ್ಲದೆ ಇದು ಬಿಜ್ಜಳನ ಭಂಡಾರವನ್ನು ನೋಡಿಕೊಂಡಿದ್ದ ಬಸವಣ್ಣನವರ ಊರು. ಹಣದ ಲೆಕ್ಕವೂ ಭಕ್ತಿಯ ವಿಷಯವೇ ಎಂಬುದನ್ನು ಕಾಯಕ, ದಾಸೋಹ ಎಂಬ ಎರಡು ಮಾತುಗಳ ಮೂಲಕ ಇಲ್ಲಿಯ ಪ್ರತಿ ಮಗುವೂ ಶಾಲೆಯ ಪುಸ್ತಕದಲ್ಲಿ ಓದಿರುತ್ತದೆ. ಸುವಾರ್ತೆಯು ಅದನ್ನು ಇನ್ನೂ ತೀಕ್ಷ್ಣವಾಗಿ ಹೇಳುವ ಕಡೆ ನಮ್ಮ ಹಾಡು ಬಾಯಿ ಮುಚ್ಚುವುದು ಸರಿಯೇ?

ಬಂಡೆಯ ಮೇಲೆ ಮನೆ ಕಟ್ಟಿದ ಬುದ್ಧಿವಂತನ ಹಾಡಿನಲ್ಲಿ ಬೇರೊಂದು ತೊಡಕಿದೆ. ಮಳೆ ಇಳಿಯುತ್ತದೆ, ನೀರು ಏರುತ್ತದೆ, ಮರಳಿನ ಮೇಲಿನ ಮನೆ ಬೀಳುವಾಗ ಮಕ್ಕಳು ಜೋರಾಗಿ ಚಪ್ಪಾಳೆ ಹೊಡೆದು ನಗುತ್ತಾರೆ. ಆ ನಗೆಗಾಗಿಯೇ ಅವರು ಮತ್ತೆ ಮತ್ತೆ ಹಾಡಲು ಕೇಳುತ್ತಾರೆ. ಆದರೆ 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಕಿಲ್ಲಾರಿಯಲ್ಲಿ ಭೂಮಿ ನಡುಗಿದ್ದು ಈ ಸೀಮೆಯ ಹಿರಿಯರಿಗೆ ಮರೆತಿಲ್ಲ. ಬಸವಕಲ್ಯಾಣದಿಂದ ಕಿಲ್ಲಾರಿ ದೂರವೇನಲ್ಲ. ಅಂದು ಸುಮಾರು ಹತ್ತು ಸಾವಿರ ಜನ ಸತ್ತರು. ಅವರಲ್ಲಿ ಬಹುಮಂದಿಯನ್ನು ಕೊಂದದ್ದು ಮಣ್ಣಿನ ಗಾರೆಯಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆಗಳು ಮತ್ತು ಭಾರವಾದ ಮಣ್ಣಿನ ಮಾಳಿಗೆಗಳು. ಬಿದ್ದ ಮನೆಯವನು ಅವಿವೇಕಿ ಎಂಬ ತೀರ್ಪನ್ನು ಇಂಥ ನೆಲದಲ್ಲಿ ಚಪ್ಪಾಳೆ ಹೊಡೆದು ಹಾಡಬೇಕಾದರೆ ಶಿಕ್ಷಕರಿಗೆ ಸ್ವಲ್ಪ ಅಳುಕು ಇರಬೇಕು. ಹಾಗೆಂದು ಸಾಮ್ಯವನ್ನು ಬಿಡಬೇಕೆಂದಲ್ಲ. ಹಾಡು ಮತ್ತಾಯನ ಏಳನೆಯ ಅಧ್ಯಾಯವನ್ನು ಅನುಸರಿಸಿದೆ. ಲೂಕನ ಆರನೆಯ ಅಧ್ಯಾಯದಲ್ಲಿ ಬುದ್ಧಿವಂತನು ಆಳವಾಗಿ ಅಗೆದನೆಂಬ ಮಾತಿದೆ. ಕರಿಮಣ್ಣಿನ ಸ್ವಭಾವ ಬಲ್ಲವರಿಗೆ ಇದರ ಅರ್ಥ ಕೂಡಲೇ ಹೊಳೆಯುತ್ತದೆ. ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರಿಯುವ ಆ ಮಣ್ಣಿನಲ್ಲಿ ಗಟ್ಟಿ ನೆಲ ಸಿಗುವವರೆಗೆ ಅಗೆಯದೆ ಪಾಯ ಹಾಕಿದರೆ ಗೋಡೆ ಸೀಳುತ್ತದೆ. ಬೀಳುವುದಕ್ಕೆ ಚಪ್ಪಾಳೆ ಹೊಡೆಯುವ ಬದಲು ಅಗೆಯುವುದಕ್ಕೆ ಅಭಿನಯ ಕೊಟ್ಟರೆ ಹಾಡು ನಮ್ಮದಾಗುತ್ತದೆ.

ಅತ್ಯಂತ ಜನಪ್ರಿಯವಾದ ಇನ್ನೊಂದು ಹಾಡು, ಯೇಸು ಲೋಕದ ಎಲ್ಲ ಮಕ್ಕಳನ್ನೂ ಪ್ರೀತಿಸುತ್ತಾನೆಂದು ಹೇಳಿ, ಆ ಮಕ್ಕಳನ್ನು ಮೈಬಣ್ಣಗಳ ಮೂಲಕ ಎಣಿಸುತ್ತದೆ. ಅದರ ಮಾತುಗಳನ್ನು ಬರೆದವರು ಹರ್ಬರ್ಟ್ ವೂಲ್‌ಸ್ಟನ್. ಧಾಟಿಯು ಜಾರ್ಜ್ ರೂಟ್ 1864ರಲ್ಲಿ ಅಮೆರಿಕದ ಅಂತರ್ಯುದ್ಧದ ಸೆರೆಯಾಳು ಸೈನಿಕರಿಗಾಗಿ ರಚಿಸಿದ ನಡಿಗೆಯ ಹಾಡಿನದು. ಬಣ್ಣದ ಹೆಸರಿನಲ್ಲಿ ಮನುಷ್ಯರನ್ನು ಮಾರಿದ ದೇಶದಲ್ಲಿ ಬಣ್ಣಗಳ ಪಟ್ಟಿಗೆ ಒಂದು ಕೆಲಸವಿತ್ತು. ಹುಮನಾಬಾದಿನ ಮಗುವಿಗೆ ಆ ಪಟ್ಟಿ ಚಿತ್ರದ ಪುಸ್ತಕದ ಬಣ್ಣಗಳಷ್ಟೇ. ಇಲ್ಲಿ ಮಕ್ಕಳನ್ನು ಬೇರೆ ಮಾಡುವುದು ಬಣ್ಣವಲ್ಲ, ಓಣಿ. ಯಾವ ಓಣಿಯಿಂದ ಬಂದೆ, ಅಪ್ಪನ ಅಡ್ಡಹೆಸರೇನು ಎಂಬ ಪ್ರಶ್ನೆ. ನಮ್ಮ ಸಭೆಗಳ ಬಹುಮಂದಿ ಆ ಪ್ರಶ್ನೆಯ ಪೆಟ್ಟು ತಿಂದ ಮನೆತನಗಳಿಂದಲೇ ಬಂದವರು. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆಯಾದುದಕ್ಕೆ ಇಬ್ಬರು ತಂದೆಯರೂ ಪ್ರಾಣ ತೆತ್ತರೆಂದು ಪರಂಪರೆ ಹೇಳುವ ಕಲ್ಯಾಣದಲ್ಲಿ, 'ಎಲ್ಲ ಮಕ್ಕಳು' ಎಂಬ ಮಾತು ಅಷ್ಟು ಹಗುರಾಗಿ ಬರಬಾರದು. ಬಣ್ಣಗಳ ಸಾಲನ್ನು ಹಾಗೆಯೇ ಕನ್ನಡಿಸಿದರೆ ಪ್ರೀತಿ ದೂರ ದೇಶದವರಿಗೆ ಸಲ್ಲುತ್ತದೆ, ಪಕ್ಕದ ಓಣಿಗಲ್ಲ. ಸಣ್ಣ ದೀಪವನ್ನು ಬೆಳಗಿಸುವೆನೆಂಬ ಹಾಡಿಗೂ ಇಂಥದೇ ಗತಿಯಾಗಿದೆ. ಫ್ಯಾನಿ ಲೂ ಹೇಮರ್ ಅವರಂಥ ಕರಿಯ ಹೋರಾಟಗಾರ್ತಿಯರು ನಾಗರಿಕ ಹಕ್ಕುಗಳಿಗಾಗಿ ಹಾಡಿದ ಹಾಡದು. ಮಕ್ಕಳ ಮುದ್ರಿಕೆಯ ಸಿಹಿದನಿಯಲ್ಲಿ ಆ ನೆನಪಿನ ಸುಳಿವೇ ಇಲ್ಲ.

ಭಾಷೆಯ ವಿಷಯದಲ್ಲಿ ಎರಡು ಮಾತು ಸಾಕು. ಬೈಬಲ್ ಎಂಬ ಪದದ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಕೂಗುವ ಹಾಡು ಇಂಗ್ಲಿಷ್ ಕಾಗುಣಿತದ ಆಟ. ಕನ್ನಡದಲ್ಲಿ ಬಿಡಿಸಿ ಕೂಗಲು ಅಷ್ಟು ಅಕ್ಷರಗಳೇ ಇಲ್ಲ. ಇದನ್ನು ಇಂಗ್ಲಿಷ್ ಪಾಠವೆಂದು ಹಾಡಿಸಲಿ, ಆರಾಧನೆಯೆಂದು ಬೇಡ. ಎರಡನೆಯದಾಗಿ, ಮನೆಯಲ್ಲಿ 'ಮಾಡಲತ್ತಾರ', 'ಬರಲತ್ತಾರ' ಎನ್ನುವ ಮಗು, ಆಟದಲ್ಲಿ ಮರಾಠಿಯನ್ನೂ ದಖನಿ ಉರ್ದುವನ್ನೂ ಬೆರೆಸುವ ಮಗು, ದೇವರ ಎದುರು ಮಾತ್ರ ತನಗೆ ತಿಳಿಯದ ಉಚ್ಚಾರವನ್ನು ಅನುಕರಿಸುತ್ತದೆ. ಸದ್ದು ಸರಿಯಾಗಿರುತ್ತದೆ, ಅರ್ಥ ಇರುವುದಿಲ್ಲ.

ಧ್ವನಿಮುದ್ರಣವೆಂಬ ಮಾಧ್ಯಮದ ಸ್ವಭಾವವೇ ಇನ್ನೊಂದು ಚಿಂತೆಗೆ ಎಡೆಮಾಡುತ್ತದೆ. ಸೀಡರ್‌ಮಾಂಟಿನಲ್ಲಿ ಹಾಡಿದ ಮಕ್ಕಳು ಬೆಳೆದು ಹೋಗಿರುತ್ತಾರೆ. ಮುದ್ರಿಕೆಯ ದನಿಗೆ ಮಾತ್ರ ಇಂದಿಗೂ ಎಂಟೇ ವರ್ಷ. ಅದು ಒಡೆಯುವುದಿಲ್ಲ, ಗಡುಸಾಗುವುದಿಲ್ಲ, ಸಂಶಯದಲ್ಲಿ ನಡುಗುವುದಿಲ್ಲ. ಹದಿಮೂರನೆಯ ವಯಸ್ಸಿನಲ್ಲಿ ದನಿ ಒಡೆದ ಹುಡುಗನು ಭಾನುವಾರದ ಶಾಲೆಯನ್ನು ಬಿಟ್ಟುಹೋಗಲು ಬೇರೆ ಕಾರಣಗಳೂ ಇರಬಹುದು, ಆದರೆ ಅಲ್ಲಿಯ ಹಾಡಿನಲ್ಲಿ ಅವನ ದನಿಗೆ ಜಾಗವಿಲ್ಲದಿರುವುದೂ ಒಂದು ಕಾರಣವೆಂದು ನಾವು ಭಾವಿಸುತ್ತೇವೆ. ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಕಣ್ಣಿಲ್ಲದ ಬಾಲಕನಾಗಿ ಪಂಚಾಕ್ಷರ ಗವಾಯಿಗಳ ಬಳಿಗೆ ಬಂದ ಪುಟ್ಟರಾಜರು ಅಲ್ಲಿಯೇ ಬೆಳೆದು, ಗುರುಗಳಾಗಿ, 2010ರಲ್ಲಿ ಕಣ್ಮುಚ್ಚುವವರೆಗೆ ಮುಂದಿನ ಮಕ್ಕಳಿಗೆ ಕಲಿಸಿದರು. ಅಲ್ಲಿ ಮಗುವಿನ ಹಾಡು ಒಂದು ಮೆಟ್ಟಿಲು. ಹುಮನಾಬಾದಿನ ಪಕ್ಕದ ಮಾಣಿಕನಗರದಲ್ಲಿಯೂ, ಬಸವಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿದ ಮಾಣಿಕ ಪ್ರಭುಗಳು ಹಲವು ಭಾಷೆಗಳಲ್ಲಿ ರಚಿಸಿದ ಪದಗಳನ್ನು ಹಿರಿಯರು ಕಿರಿಯರು ಕೂಡಿಯೇ ಹಾಡುತ್ತ ಬಂದಿದ್ದಾರೆ. ನೆರೆಯವರ ಮನೆಯ ಹಾಡಿನಿಂದ ಕಲಿಯಲು ನಾವು ಸಂಕೋಚಪಡಬೇಕಿಲ್ಲ. ನಮ್ಮವರೂ ಸಂಕೋಚಪಟ್ಟವರಲ್ಲ: ಕಿಟ್ಟೆಲರು 1862ರ 'ಕಥಾಮಾಲೆ'ಯಲ್ಲಿ ಯೇಸುವಿನ ಚರಿತ್ರೆಯನ್ನು ಈ ನಾಡಿನ ಛಂದಸ್ಸಿನಲ್ಲಿ ಹೇಳಿದರು, ಗಡಿಯಾಚೆಯ ಮರಾಠಿಯಲ್ಲಿ ನಾರಾಯಣ ವಾಮನ ಟಿಳಕರು ಅಭಂಗದ ಧಾಟಿಯಲ್ಲಿ ಕ್ರಿಸ್ತನನ್ನು ಹಾಡಿದರು, ಮಕ್ಕಳ ಪತ್ರಿಕೆಗೂ ಬರೆದರು. ಮರಾಠಿ ಮನೆಮಾತಿನ ಮಕ್ಕಳಿರುವ ಬಸವಕಲ್ಯಾಣದಲ್ಲಿ ಟಿಳಕರ ಹೆಸರನ್ನೇ ಕೇಳದವರು ಟೆನ್ನೆಸಿಯ ಹಾಡನ್ನು ಬಾಯಿಪಾಠ ಹೇಳುವುದು ವಿಚಿತ್ರವೇ ಸರಿ.

ಸ್ಪೀಕರನ್ನು ಎಸೆಯಿರೆಂದು ನಾವು ಹೇಳುತ್ತಿಲ್ಲ. ಒಂದು ಹಾಡನ್ನು ಹಿಡಿದು ಕೆಲಸ ಆರಂಭಿಸಬಹುದು. ಅನ್ನಾ ವಾರ್ನರ್ 1860ರಲ್ಲಿ ತಮ್ಮ ಅಕ್ಕನೊಂದಿಗೆ ಪ್ರಕಟಿಸಿದ ಕಾದಂಬರಿಯೊಂದರಲ್ಲಿ, ಸಾಯುತ್ತಿರುವ ಬಾಲಕನಿಗಾಗಿ ಬಂದ 'ಜೀಸಸ್ ಲವ್ಸ್ ಮಿ' ಎಂಬ ಪದ್ಯಕ್ಕೆ ವಿಲಿಯಂ ಬ್ರಾಡ್‌ಬರಿ 1862ರಲ್ಲಿ ಧಾಟಿ ಕೂಡಿಸಿದನು. ಆ ಧಾಟಿಯಲ್ಲಿ ಐದೇ ಸ್ವರಗಳಿವೆ. ಮಧ್ಯಮವೂ ಇಲ್ಲ, ನಿಷಾದವೂ ಇಲ್ಲ. ಅಂದರೆ ನಮ್ಮ ಭೂಪ್ ರಾಗದ ಸ್ವರಗಳೇ. ಹಾರ್ಮೋನಿಯಂ ಹಿಡಿದ ಯಾವ ಭಜನೆಗಾರನಿಗೂ ಅದು ಪರಕೀಯವಲ್ಲ. ತೊಡಕು ಇರುವುದು ಮಾತಿನಲ್ಲಿ. ಮೂಲದ ಒಂದು ಸಾಲಿಗೆ ಎಂಟು ಎಣಿಕೆ; ಕನ್ನಡದ 'ಪ್ರೀತಿಸುತ್ತಾನೆ' ಎಂಬ ಒಂದೇ ಪದ ಎಂಟು ಮಾತ್ರೆಗಳನ್ನೂ ನುಂಗಿಬಿಡುತ್ತದೆ. ಆದ್ದರಿಂದ ಅನುವಾದಕರು ಯೇಸುವಿನ ಹೆಸರನ್ನಾದರೂ ಕ್ರಿಯಾಪದವನ್ನಾದರೂ ಮೊಟಕು ಮಾಡಬೇಕಾಗುತ್ತದೆ. ಆದರೆ ವಚನಕಾರರೂ ದಾಸರೂ ದೇವರ ವಿಷಯದಲ್ಲಿ ಬಳಸಿದ ಹಳೆಯ ಮಾತೊಂದು ನಮ್ಮಲ್ಲಿದೆ: ಒಲಿ. ಅದರಲ್ಲಿ ಪ್ರೀತಿಯೂ ಉಂಟು, ಯೋಗ್ಯತೆಯನ್ನು ನೋಡದ ಕೃಪೆಯೂ ಉಂಟು. 'ಯೇಸು ನನಗೊಲಿದ' ಎಂದರೆ ಮಾತ್ರೆಗಳು ಎಂಟೇ ಆಗುತ್ತವೆ.