ನೆಲ, ರಕ್ತ, ನುಡಿ: ವೈಸರ್ ವಂಶಾವಳಿಯ ಮೂರು ಕಥೆಗಳು

ವಸಾಹತು ಕಾಲದ ಅಮೆರಿಕಕ್ಕೆ ಹೋದ ಜರ್ಮನ್ ಕುಟುಂಬಗಳ ವಂಶಾವಳಿಯನ್ನು ಹುಡುಕುವ ಬರವಣಿಗೆ ಎರಡು ದಾರಿಗಳಲ್ಲಿ ಬೆಳೆದಿದೆ. ಹಡಗಿನ ಪಟ್ಟಿ, ಚರ್ಚಿನ ದೀಕ್ಷಾಸ್ನಾನದ ದಫ್ತರ, ಭೂದಾಖಲೆ, ಉಯಿಲುಗಳನ್ನು ಸಂಪಾದಿಸಿ ಹೋಲಿಸುವ ವಿದ್ವತ್ತು ಒಂದು ದಾರಿ. ಮನೆತನದವರು ತಲೆಮಾರಿನಿಂದ ತಲೆಮಾರಿಗೆ ದಾಟಿಸಿಕೊಂಡು ಬಂದ ಕಥನ ಇನ್ನೊಂದು. ಮೊದಲನೆಯದು ಎರಡನೆಯದರ ತಪ್ಪುಗಳನ್ನು ತಿದ್ದುತ್ತದೆ, ಮತ್ತು ತಿದ್ದಿದಲ್ಲಿಗೆ ತನ್ನ ಕೆಲಸ ಮುಗಿಯಿತೆಂದು ಭಾವಿಸುತ್ತದೆ. ಆದರೆ ಸುಳ್ಳೆಂದು ತೀರ್ಮಾನವಾದ ಕಥೆಯೂ ಒಂದು ಪಠ್ಯವೇ. ಅದು ಯಾವ ಪ್ರಶ್ನೆಗೆ ಉತ್ತರವಾಗಿ ಹುಟ್ಟಿತು, ಯಾರ ಹಕ್ಕನ್ನು ಸಮರ್ಥಿಸಿತು, ಯಾರನ್ನು ಮರೆಮಾಡಿತು ಎಂಬುದು ವಿಮರ್ಶೆಯ ಪ್ರಶ್ನೆ. ಕೊನ್ರಾಡ್ ವೈಸರ್ (1696–1760) ಎಂಬ ದುಭಾಷಿಯ ಕುಟುಂಬದ ಸುತ್ತ ಬೆಳೆದ ಮೂರು ಕಥೆಗಳು ಈ ಪ್ರಶ್ನೆಯನ್ನು ಪರಿಶೀಲಿಸಲು ತಕ್ಕವಾಗಿವೆ. ಒಂದು ನೆಲದ ಕುರಿತದ್ದು, ಒಂದು ರಕ್ತದ ಕುರಿತದ್ದು, ಮತ್ತೊಂದು ನುಡಿಯ ಕುರಿತದ್ದು. ದಾಖಲೆಗಳ ಮುಂದೆ ಮೂರೂ ನಿಲ್ಲುವುದಿಲ್ಲ.

ಕುಟುಂಬದ ಮೂಲ ಊರು ವ್ಯೂರ್ಟೆಂಬರ್ಗಿನ ಗ್ರೋಸಾಸ್ಪಾಖ್. ಈ ಸೀಮೆ ಕನ್ನಡಕ್ಕೆ ತೀರಾ ಅಪರಿಚಿತವಲ್ಲ. 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಹುಟ್ಟಿದ್ದೂ ವ್ಯೂರ್ಟೆಂಬರ್ಗಿನಲ್ಲಿಯೇ. ಆದರೆ ಕೊನ್ರಾಡನ ಜನನವನ್ನು ಗ್ರೋಸಾಸ್ಪಾಖ್‌ನ ದಫ್ತರದಲ್ಲಿ ಹುಡುಕುವವರಿಗೆ ನಿರಾಶೆ ಕಾದಿರುತ್ತದೆ. ತಂದೆ ಆಗ ಸೈನ್ಯದಲ್ಲಿದ್ದುದರಿಂದ ಅವನು ಹುಟ್ಟಿದ್ದು ಹೆರನ್‌ಬರ್ಗ್ ಬಳಿಯ ಆಫ್‌ಸ್ಟೆಟ್ ಎಂಬ ಹಳ್ಳಿಯಲ್ಲಿ. ದೀಕ್ಷಾಸ್ನಾನವಾದದ್ದು ನೆರೆಯ ಕುಪ್ಪಿಂಗನ್‌ನಲ್ಲಿ. ಇದನ್ನು ತಿಳಿಸುವುದು ಅವನು ಜರ್ಮನ್ ಭಾಷೆಯಲ್ಲಿ ತನ್ನ ಮಕ್ಕಳಿಗಾಗಿ ಬರೆದಿಟ್ಟ ಆತ್ಮವೃತ್ತಾಂತ. 1709ರಲ್ಲಿ ತಾಯಿ ಆನ್ನಾ ಮಾಗ್ದಲೇನಾ ತೀರಿಕೊಂಡಳು. ಅದೇ ವರ್ಷ ತಂದೆ ಮಕ್ಕಳನ್ನು ಕಟ್ಟಿಕೊಂಡು ಹೊರಟ. ಮದುವೆಯಾಗಿದ್ದ ಹಿರಿಯ ಮಗಳು ಊರಿನಲ್ಲಿಯೇ ಉಳಿದಳು. ಲಂಡನ್ ಮೂಲಕ 1710ರಲ್ಲಿ ಕುಟುಂಬ ನ್ಯೂಯಾರ್ಕ್ ತಲುಪಿತು.

1709ರಲ್ಲಿ ರೈನ್ ನದಿಯ ಆಸುಪಾಸಿನಿಂದ ಲಂಡನ್ನಿಗೆ ಬಂದವರು ಸುಮಾರು 13,000 ಮಂದಿ. ಯುದ್ಧ, ತೆರಿಗೆ, 1708–09ರ ಭೀಕರ ಚಳಿಗಾಲ, ಅಮೆರಿಕವನ್ನು ಹೊಗಳುವ ಕಿರುಹೊತ್ತಗೆಗಳು ಎಲ್ಲವೂ ಇದಕ್ಕೆ ಕಾರಣವಾಗಿದ್ದವು. ಬಂದವರಲ್ಲಿ ಹೆಸ್ಸೆಯವರಿದ್ದರು, ನಸ್ಸಾವಿನವರಿದ್ದರು, ವೈಸರರಂತೆ ವ್ಯೂರ್ಟೆಂಬರ್ಗಿನವರಿದ್ದರು. ಲಂಡನ್ ಅವರೆಲ್ಲರನ್ನೂ 'ಪ್ಯಾಲಟೈನ್' ಎಂಬ ಒಂದೇ ಹೆಸರಿನಿಂದ ಕರೆಯಿತು. ಫಿಲಿಪ್ ಆಟರ್ನೆಸ್ ತನ್ನ 'ಬಿಕಮಿಂಗ್ ಜರ್ಮನ್' (2004) ಕೃತಿಯಲ್ಲಿ ತೋರಿಸುವಂತೆ, ಹೊರಡುವಾಗ ಇವರು 'ಜರ್ಮನ್ನರು' ಆಗಿರಲಿಲ್ಲ. ಆ ಸಾಮೂಹಿಕ ಗುರುತು ಇಂಗ್ಲಿಷ್ ಆಡಳಿತದೊಡನೆ ನಡೆದ ತಿಕ್ಕಾಟದಲ್ಲಿ ಅಮೆರಿಕದ ನೆಲದ ಮೇಲೆ ರೂಪುಗೊಂಡಿತು. ಅಂದರೆ ವಂಶಾವಳಿಕಾರ ಬೇರಿನಲ್ಲಿ ಹುಡುಕುವ ಗುರುತು ಕೊಂಬೆಯಲ್ಲಿ ಮೂಡಿದ್ದು.

ಇವರಲ್ಲಿ ಸುಮಾರು 3,000 ಜನರನ್ನು ಬ್ರಿಟಿಷ್ ಸರ್ಕಾರ ನ್ಯೂಯಾರ್ಕಿಗೆ ಕಳುಹಿಸಿದ್ದು ಹಡ್ಸನ್ ನದಿಯ ಬದಿಯಲ್ಲಿ ನೌಕಾಪಡೆಗೆ ಬೇಕಾದ ಟಾರನ್ನು ಪೈನ್ ಮರಗಳಿಂದ ತೆಗೆಯಲು. ಗವರ್ನರ್ ರಾಬರ್ಟ್ ಹಂಟರ್ ಇಡಿಸಿದ ಪಡಿತರದ ಲೆಕ್ಕಗಳಲ್ಲಿ ಕುಟುಂಬದ ಯಜಮಾನನ ಹೆಸರಿದೆ. ಉಳಿದವರು ದೊಡ್ಡವರೆಷ್ಟು, ಚಿಕ್ಕವರೆಷ್ಟು ಎಂಬ ಅಂಕಿಗಳಷ್ಟೇ. ಹಿಟ್ಟು ಹಂಚಲು ಅಷ್ಟು ಸಾಕಾಗಿತ್ತು. ಹೆನ್ರಿ ಜೋನ್ಸ್ 1985ರಲ್ಲಿ ಎರಡು ಸಂಪುಟಗಳಲ್ಲಿ ಪ್ರಕಟಿಸಿದ 'ದ ಪ್ಯಾಲಟೈನ್ ಫ್ಯಾಮಿಲೀಸ್ ಆಫ್ ನ್ಯೂಯಾರ್ಕ್' ಈ ಲೆಕ್ಕಗಳನ್ನೇ ತಳಹದಿಯಾಗಿಸಿ 847 ಕುಟುಂಬಗಳನ್ನು ಗುರುತಿಸಿತು. ಒಂದೇ ಹಳ್ಳಿಯವರು ಜೊತೆಯಾಗಿ ಹೊರಟಿರುತ್ತಾರೆ, ಜೊತೆಯಾಗಿ ನೆಲೆಸಿರುತ್ತಾರೆ. ಆದ್ದರಿಂದ ಒಬ್ಬನ ಮೂಲ ಸಿಗದಿದ್ದರೆ ಅವನ ನೆರೆಯವನ ಮೂಲವನ್ನು ಹುಡುಕಬೇಕು ಎಂಬುದು ಜೋನ್ಸ್ ಅನುಸರಿಸಿದ ಸೂತ್ರ. ರಕ್ತದ ಗೆರೆಯನ್ನು ಹುಡುಕಲು ನೆರೆಹೊರೆಯ ಗೆರೆಯನ್ನು ಹಿಡಿಯುವ ಈ ಕ್ರಮ ವಂಶಾವಳಿಶಾಸ್ತ್ರದ ಮೂಲ ನಂಬಿಕೆಯನ್ನೇ ಸಡಿಲಿಸುತ್ತದೆ.

ಪೆನ್ಸಿಲ್ವೇನಿಯಾದ ಜರ್ಮನ್ನರ ವಿಷಯದಲ್ಲಿ ಸಂಶೋಧಕರು ಮೊದಲು ಕೈಗೆತ್ತಿಕೊಳ್ಳುವುದು ಫಿಲಡೆಲ್ಫಿಯಾ ಬಂದರಿನ ಪಟ್ಟಿಗಳನ್ನು. 1727ರಿಂದ ಆರಂಭವಾಗುವ ಇವುಗಳನ್ನು 1856ರಲ್ಲಿ ಡೇನಿಯಲ್ ರಪ್ ಮೊದಲಿಗೆ ದೊಡ್ಡ ಪ್ರಮಾಣದಲ್ಲಿ ಅಚ್ಚು ಹಾಕಿಸಿದ. 1934ರಲ್ಲಿ ಸ್ಟ್ರಾಸ್‌ಬರ್ಗರ್ ಮತ್ತು ಹಿಂಕೆ ಮೂರು ಸಂಪುಟಗಳಲ್ಲಿ ಅವನ್ನು ಮತ್ತೆ ಸಂಪಾದಿಸಿದರು. ಇವರ ಆವೃತ್ತಿಯ ಮಹತ್ವ ಇರುವುದು ಹಡಗಿನ ಕಪ್ತಾನ ಕೊಟ್ಟ ಪಟ್ಟಿಯನ್ನೂ ವಲಸೆಗಾರರು ನಿಷ್ಠೆಯ ಪ್ರಮಾಣಕ್ಕೆ ಸ್ವತಃ ಹಾಕಿದ ಸಹಿಯನ್ನೂ ಬೇರೆಬೇರೆಯಾಗಿ ಕೊಟ್ಟಿರುವುದರಲ್ಲಿ. ಒಂದು ಇಂಗ್ಲಿಷ್ ಕಿವಿ ಕೇಳಿಸಿಕೊಂಡ ಹೆಸರು, ಇನ್ನೊಂದು ಜರ್ಮನ್ ಕೈ ಬರೆದ ಹೆಸರು. ಎರಡರ ನಡುವಿನ ಅಂತರವನ್ನು ಓದಲು ಎರಡೂ ಭಾಷೆಯ ಉಚ್ಚಾರಣೆ ತಿಳಿದಿರಬೇಕು. ಪ್ರಮಾಣ ಮಾಡಬೇಕಾಗಿದ್ದದ್ದು 16 ವರ್ಷ ದಾಟಿದ ಗಂಡಸರು ಮಾತ್ರ. ಹೀಗಾಗಿ ಹೆಂಗಸರು ಬಹುಮಟ್ಟಿಗೆ ಈ ಪಠ್ಯದ ಹೊರಗೇ ಉಳಿದರು. ಕೊನ್ರಾಡ್ ವೈಸರ್‌ನ ಬರವೂ ಇದರಲ್ಲಿಲ್ಲ. 1729ರಲ್ಲಿ ಅವನು ಪೆನ್ಸಿಲ್ವೇನಿಯಾಕ್ಕೆ ಬಂದದ್ದು ನ್ಯೂಯಾರ್ಕಿನ ಗಡಿಯಿಂದ. ಯಾವ ಕಪ್ತಾನನೂ ಅವನನ್ನು ಎಣಿಸಲಿಲ್ಲ.

ಮೊದಲ ಕಥೆ ನೆಲದ್ದು. ಟಾರಿನ ಯೋಜನೆ 1712ರಲ್ಲಿ ಕುಸಿಯಿತು. ಆಡಳಿತ ಪಡಿತರವನ್ನು ನಿಲ್ಲಿಸಿತು. ನೂರಾರು ಜನ ಶೋಹಾರಿ ಕಣಿವೆಗೆ ಗುಳೆ ಹೋದರು. ಆ ಕಣಿವೆ ತಮ್ಮದೇ ಎಂಬುದಕ್ಕೆ ಅವರು ಹೇಳುತ್ತಿದ್ದ ಆಧಾರ ವೈಸರ್‌ನ ಆತ್ಮವೃತ್ತಾಂತದಲ್ಲಿಯೂ ಇದೆ: ಜರ್ಮನ್ನರು ಲಂಡನ್ನಿನ ಹೊರಗೆ ಬ್ಲ್ಯಾಕ್‌ಹೀತ್ ಬಯಲಿನಲ್ಲಿ ಡೇರೆ ಹಾಕಿಕೊಂಡಿದ್ದಾಗ ಅಲ್ಲಿದ್ದ ಮೊಹಾಕ್ ಪ್ರತಿನಿಧಿಗಳು ಇವರಿಗಾಗಿಯೇ ಶೋಹಾರಿಯನ್ನು ರಾಣಿ ಆನ್‌ಗೆ ಅರ್ಪಿಸಿದರು. ಕಾಲಗಣನೆ ಇದಕ್ಕೆ ಒಪ್ಪುವುದಿಲ್ಲ. ಡೇರೆಗಳಿದ್ದದ್ದು 1709ರ ಬೇಸಿಗೆ ಮತ್ತು ಶರತ್ಕಾಲದಲ್ಲಿ. ಮೊಹಾಕ್ ಪ್ರತಿನಿಧಿಗಳು ಲಂಡನ್ನಿನಲ್ಲಿ ರಾಣಿಯನ್ನು ಕಂಡದ್ದು 1710ರ ಏಪ್ರಿಲ್‌ನಲ್ಲಿ. ನ್ಯೂಯಾರ್ಕಿಗೆ ಹೊರಟವರು ಅದಕ್ಕೂ ಎಷ್ಟೋ ಮೊದಲೇ ಹಡಗು ಹತ್ತಿದ್ದರು. ಆದರೂ ಈ ಕಥೆಯನ್ನು ಬರಿಯ ನೆನಪಿನ ದೋಷವೆಂದು ತಳ್ಳಿಹಾಕಲಾಗದು. ಹಂಟರ್ 1714ರಲ್ಲಿ ಶೋಹಾರಿಯನ್ನು ಆಲ್ಬನಿಯ ಕಡೆಯ ಪಾಲುದಾರರಿಗೆ ಬರೆದುಕೊಟ್ಟ. ಕೊನ್ರಾಡನ ತಂದೆ ನ್ಯಾಯ ಕೇಳಲು 1718ರಲ್ಲಿ ಲಂಡನ್ನಿಗೆ ಹೋಗಿ ಸಾಲಕ್ಕಾಗಿ ಸೆರೆಮನೆ ಸೇರಿದ. ಕೈಯಲ್ಲಿ ಪಟ್ಟಾ ಇಲ್ಲದ ಜನ ಪಟ್ಟಾಕ್ಕಿಂತ ಹಿರಿದಾದ ಒಂದು ದಾನವನ್ನು ಕಲ್ಪಿಸಿಕೊಂಡರು. ಆಡಳಿತದ ಎದುರು ಇದು ದುರ್ಬಲರ ವಾದ.

ಅದೇ ಕಥೆಗೆ ಇನ್ನೊಂದು ಮುಖವಿದೆ. ಮೂಲನಿವಾಸಿಗಳೇ ಒಲಿದು ಕೊಟ್ಟರೆಂದು ಹೇಳಿದಾಗ ಅವರ ನಷ್ಟ ಮಾತಿನಿಂದ ಮರೆಯಾಗುತ್ತದೆ. ಶೋಹಾರಿಯಿಂದ ಒಂದು ಗುಂಪು 1723ರಲ್ಲಿ ಪೆನ್ಸಿಲ್ವೇನಿಯಾದ ಟುಲ್ಪೆಹಾಕನ್‌ಗೆ ಇಳಿದಾಗ ಅದು ಲೆನಾಪೆಗಳ ನೆಲವಾಗಿತ್ತು, ಇನ್ನೂ ಕ್ರಯವಾಗಿರಲಿಲ್ಲ. 1728ರಲ್ಲಿ ಲೆನಾಪೆ ನಾಯಕ ಸಸೂನನ್ ಫಿಲಡೆಲ್ಫಿಯಾದಲ್ಲಿ ಈ ಬಗ್ಗೆ ಆಕ್ಷೇಪ ಎತ್ತಿದ. ಖರೀದಿಯ ಪತ್ರವಾದದ್ದು 1732ರಲ್ಲಿ. ವೈಸರ್ ಕುಟುಂಬ ಬೇರೂರಿದ್ದು ಆ ನೆಲದಲ್ಲಿ. ವಂಶವೃಕ್ಷದ ಹಾಳೆಯಲ್ಲಿ 'ಟುಲ್ಪೆಹಾಕನ್, 1729' ಎಂಬ ನಮೂದು ಒಂದು ವಿಳಾಸದಂತೆ ಕಾಣುತ್ತದೆ. ಅದು ಒಂದು ವ್ಯಾಜ್ಯದ ಹೆಸರೂ ಹೌದು.

ಎರಡನೆಯ ಕಥೆ ರಕ್ತದ್ದು. 1720ರ ನವೆಂಬರ್‌ನಲ್ಲಿ ಶೋಹಾರಿಯ ತಂದೆಯ ಮನೆಯಲ್ಲಿ ಆನ್ನಾ ಈವಾಳೊಡನೆ ತನಗೆ ಮದುವೆಯಾಯಿತೆಂದು ಕೊನ್ರಾಡ್ ಬರೆಯುತ್ತಾನೆ, ಮದುವೆ ಮಾಡಿಸಿದ ಪಾದ್ರಿಯ ಪೂರ್ಣ ಹೆಸರನ್ನೂ ಕೊಡುತ್ತಾನೆ. ಹೆಂಡತಿಯ ಕುಟುಂಬನಾಮ ಮಾತ್ರ ಅಲ್ಲಿಲ್ಲ. ಮುಂದಿನ ತಲೆಮಾರುಗಳು ಆ ಖಾಲಿ ಜಾಗದಲ್ಲಿ ಒಬ್ಬ ಮೊಹಾಕ್ ಕನ್ಯೆಯನ್ನು ತಂದು ಕೂರಿಸಿದವು. ಇಪ್ಪತ್ತನೆಯ ಶತಮಾನದ ವಂಶಾವಳಿಕಾರರು ಆಕೆಯನ್ನು ವಲಸೆಗಾರ ಯೋಹಾನ್ ಪೀಟರ್ ಫೇಗ್ ಎಂಬವನ ಮಗಳೆಂದು ಗುರುತಿಸಿದ್ದಾರೆ. ಇಂಥ ಗುರುತಿಸುವಿಕೆಗೆ ನೆರವಾಗುವುದು ದೀಕ್ಷಾಸ್ನಾನದ ಸಾಕ್ಷಿಗಳು: ಮಗುವಿನ ಪರವಾಗಿ ನಿಲ್ಲುವವರು ಸಾಮಾನ್ಯವಾಗಿ ತಾಯಿಯ ಅಥವಾ ತಂದೆಯ ಕಡೆಯ ಬಂಧುಗಳು. ವೈಸರ್‌ನ ಮಕ್ಕಳಿಗೆ ಸಾಕ್ಷಿ ನಿಂತವರಲ್ಲಿ ಫೇಗ್ ಹೆಸರಿನವರಿದ್ದಾರೆ. ಕೊನ್ರಾಡ್ ಹೆಂಡತಿಯ ತವರಿನ ಹೆಸರನ್ನು ಏಕೆ ಬಿಟ್ಟ ಎಂಬುದಕ್ಕೂ ಸರಳ ಉತ್ತರವೊಂದು ಸಾಧ್ಯ. ಅವನು ಬರೆಯುತ್ತಿದ್ದದ್ದು ಮಕ್ಕಳಿಗಾಗಿ. ಮಕ್ಕಳಿಗೆ ಅಜ್ಜನ ಮನೆ ಯಾವುದೆಂದು ಹೇಳಿಕೊಡುವ ಅಗತ್ಯವಿರಲಿಲ್ಲ. ಮೊದಲ ಓದುಗರಿಗೆ ತುಂಬಿದ್ದ ಮೌನ ಮುಂದಿನ ಓದುಗರಿಗೆ ಬರಿದಾಯಿತು.

ಈ ತಿದ್ದುಪಡಿ ಸರಿಯಾದದ್ದು, ಆದರೆ ಅಪೂರ್ಣ. ಕಥೆ ಅಳಿಸಿಹೋದಾಗ ಅದರೊಡನೆ ಮೊಹಾಕರೂ ಈ ವಂಶಾವಳಿಯಿಂದ ಹೊರನಡೆಯುತ್ತಾರೆ. ಅವರೊಡನೆ ಈ ಕುಟುಂಬಕ್ಕಿದ್ದ ನಿಜವಾದ ಸಂಬಂಧ ರಕ್ತದ್ದಲ್ಲ, ಕಲಿಕೆಯದು. 1712ರ ನವೆಂಬರ್‌ನಲ್ಲಿ ಕ್ವಾಗ್ನಾಂತ್ ಎಂಬ ಮೊಹಾಕ್ ನಾಯಕ ಹದಿನಾರು ವರ್ಷದ ಕೊನ್ರಾಡನನ್ನು ತನ್ನೂರಿಗೆ ಕರೆದೊಯ್ದ. ಸಾಕಷ್ಟು ಬಟ್ಟೆಯಿಲ್ಲದೆ, ಅರೆಹೊಟ್ಟೆಯಲ್ಲಿ ಕಳೆದ ಆ ಕಾಲದಲ್ಲಿ ಹುಡುಗ ಭಾಷೆ ಕಲಿತ. ಆತಿಥೇಯರಿಗೂ ಊಟದ ಕೊರತೆಯಿತ್ತು. ಅವನ ಮುಂದಿನ ಜೀವನವೆಲ್ಲ ಈ ಚಳಿಗಾಲದ ಮೇಲೆ ನಿಂತಿದೆ: ಪೆನ್ಸಿಲ್ವೇನಿಯಾದ ದುಭಾಷಿ ಹುದ್ದೆ, ಇರೊಕ್ವಾ ಒಕ್ಕೂಟದೊಡನೆ ನಡೆದ ಸಂಧಾನಗಳು, 1744ರ ಲ್ಯಾಂಕಾಸ್ಟರ್ ಒಪ್ಪಂದ, ತರಚಿಯವಾಗನ್ ಎಂಬ ಬಿರುದಿನ ಹೆಸರು. ಅವನು ದುಭಾಷಿಯಾಗಿ ಬಲಪಡಿಸಿದ ಇರೊಕ್ವಾ ಸ್ನೇಹದ ನೀತಿಯಲ್ಲಿ ಲೆನಾಪೆಗಳ ಹಕ್ಕುಗಳು ಮೂಲೆಗೆ ಸರಿದವೆಂಬುದೂ ಅದೇ ಕಥೆಯ ಭಾಗ. ಕಲಿಸಿದವರ ಋಣ ತೀರಿಸಬೇಕಾದದ್ದು. ರಕ್ತಸಂಬಂಧವಾದರೋ ಹುಟ್ಟಿನಿಂದಲೇ ಬಂದ ಸೊತ್ತು. ಮೊಹಾಕ್ ಅಜ್ಜಿಯ ಕಥೆ ಋಣವನ್ನು ಸೊತ್ತಾಗಿ ಮಾರ್ಪಡಿಸಿತು. ನೆಲದ ಕಥೆಯಲ್ಲಿ ದಾನ ಮಾಡಿದ ಕೆಲಸವನ್ನೇ ಇಲ್ಲಿ ಮದುವೆ ಮಾಡುತ್ತದೆ.

ಮೂರನೆಯ ಕಥೆ ನುಡಿಯದು. ಕೊನ್ರಾಡನ ಮಗಳು ಆನ್ನಾ ಮರಿಯಾ 1745ರಲ್ಲಿ ಹೆನ್ರಿ ಮೆಲ್ಕಿಯೋರ್ ಮ್ಯೂಲೆನ್‌ಬರ್ಗ್‌ನನ್ನು ಮದುವೆಯಾದಳು. ಜರ್ಮನಿಯ ಹಾಲೆಯಿಂದ 1742ರಲ್ಲಿ ಬಂದ ಈ ಪಾದ್ರಿಯ ವರದಿಗಳನ್ನು ಅಲ್ಲಿನ ಸಂಸ್ಥೆ ಅಚ್ಚು ಹಾಕಿಸಿತು. ತರಂಗಂಬಾಡಿಯ ಮಿಷನರಿಗಳ ವರದಿಗಳನ್ನು ಅಚ್ಚು ಹಾಕಿಸುತ್ತಿದ್ದದ್ದೂ ಅದೇ ಸಂಸ್ಥೆ. ಇವರ ಮಗ ಫ್ರೆಡರಿಕ್ 1789ರಲ್ಲಿ ಅಮೆರಿಕದ ಪ್ರತಿನಿಧಿ ಸಭೆಯ ಮೊದಲ ಸ್ಪೀಕರ್ ಆದ. ಜರ್ಮನ್ ಭಾಷೆ ಅಮೆರಿಕದ ಅಧಿಕೃತ ಭಾಷೆಯಾಗುವುದು ಇವನ ಒಂದೇ ಒಂದು ಮತದಿಂದ ತಪ್ಪಿತೆಂಬ ಕಥೆ ಇಂದಿಗೂ ಚಾಲ್ತಿಯಲ್ಲಿದೆ. ಅದನ್ನು ಹರಡಿದವರಲ್ಲಿ ಪ್ರಮುಖ 1847ರಲ್ಲಿ ಅಮೆರಿಕದ ಜರ್ಮನ್ನರ ಇತಿಹಾಸ ಬರೆದ ಫ್ರಾಂಟ್ಸ್ ಲೋಹರ್.

ನಡೆದದ್ದು ಇಷ್ಟು. ವರ್ಜೀನಿಯಾದ ಜರ್ಮನ್ನರು 1794ರಲ್ಲಿ ಒಂದು ಮನವಿ ಸಲ್ಲಿಸಿದರು: ಒಕ್ಕೂಟದ ಕಾನೂನುಗಳನ್ನು ಜರ್ಮನ್ ಭಾಷೆಯಲ್ಲಿಯೂ ಅಚ್ಚು ಹಾಕಿಸಬೇಕು. 1795ರ ಜನವರಿಯಲ್ಲಿ ಆ ಚರ್ಚೆಯನ್ನು ಮುಂದೂಡಿ ಮತ್ತೆ ಸೇರಬೇಕೆಂಬ ಸೂಚನೆ 41ಕ್ಕೆ 42 ಮತಗಳಿಂದ ಬಿದ್ದುಹೋಯಿತು. ಅನುವಾದದ ಬೇಡಿಕೆ ಕೊನೆಗೆ ಈಡೇರಲಿಲ್ಲ. ಅಧಿಕೃತ ಭಾಷೆಯ ಪ್ರಶ್ನೆ ಸಭೆಯ ಮುಂದೆ ಇರಲೇ ಇಲ್ಲ. ಕಥೆ ಸುಳ್ಳೆಂದು ಸಾಬೀತುಪಡಿಸುವ ಬರಹಗಳು ಸಾಮಾನ್ಯವಾಗಿ ಇಲ್ಲಿ ನಿಲ್ಲುತ್ತವೆ. ಆದರೆ ಗಮನಿಸಬೇಕಾದದ್ದು ಈ ಕಥೆ ಏನನ್ನು ನುಂಗಿತು ಎಂಬುದನ್ನು. ತಾವು ಪಾಲಿಸಬೇಕಾದ ಕಾನೂನನ್ನು ತಮಗೆ ಓದಲು ಬರುವ ಭಾಷೆಯಲ್ಲಿ ಕೊಡಿ ಎಂಬುದು ಮಿತವಾದ, ನ್ಯಾಯವಾದ, ಆಡಳಿತಕ್ಕೆ ಸಾಧ್ಯವಿದ್ದ ಬೇಡಿಕೆ. ಇಡೀ ದೇಶವೇ ಜರ್ಮನ್ ಆಡಬೇಕಿತ್ತು ಎಂಬ ವೀರಕಥೆಯ ಅಡಿಯಲ್ಲಿ ಆ ಬೇಡಿಕೆ ಹೂತುಹೋಯಿತು. ಅಲ್ಪಸಂಖ್ಯಾತ ನುಡಿಯೊಂದು ಕೇಳಿದ ಅನುವಾದವನ್ನು ಅದು ಕೇಳದ ಸಾಮ್ರಾಜ್ಯವಾಗಿ ನೆನಪಿಟ್ಟುಕೊಂಡರೆ, ಕೊಡದಿದ್ದವರ ಹೊಣೆಯೂ ಕರಗುತ್ತದೆ. ಆ ಸೋಲಿನ ಹೊರೆಯನ್ನು ಸಭೆಯ ಮೇಲಲ್ಲ, ಸ್ವಂತ ಕುಲದ ಒಬ್ಬ ಮಗನ ಮೇಲೆ ಹೊರಿಸಿದ್ದು ಈ ಕಥೆಯ ಇನ್ನೊಂದು ವಿಷಾದಕರ ಲಕ್ಷಣ.

ಮೂರು ಕಥೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಅವುಗಳ ನಂಟು ಸ್ಪಷ್ಟವಾಗುತ್ತದೆ. ದಾಖಲೆ ಕೊಡದಿದ್ದ ಹಕ್ಕನ್ನು ಪ್ರತಿಯೊಂದೂ ಕಥನದ ಮೂಲಕ ಗಳಿಸಲು ಯತ್ನಿಸಿತು: ಶೋಹಾರಿಯ ಮೇಲೆ ಹಕ್ಕು, ಅಮೆರಿಕದ ಮಣ್ಣಿನ ಮಕ್ಕಳೆನಿಸುವ ಹಕ್ಕು, ಸ್ವಂತ ಭಾಷೆಯಲ್ಲಿ ಪೌರರಾಗುವ ಹಕ್ಕು. ಹಾಗೆ ಗಳಿಸುವಾಗ ಪ್ರತಿ ಸಲವೂ ಒಬ್ಬರು ಮರೆಯಾದರು: ಮೊದಲು ಲೆನಾಪೆಗಳು, ಆಮೇಲೆ ಫೇಗ್ ಮನೆಯ ಆನ್ನಾ ಈವಾ ಮತ್ತು ಕ್ವಾಗ್ನಾಂತ್, ಕೊನೆಗೆ ವರ್ಜೀನಿಯಾದ ಮನವಿದಾರರು. ವಂಶಾವಳಿಯ ವಿದ್ವತ್ತು ಇವರಲ್ಲಿ ಆನ್ನಾ ಈವಾಳನ್ನು ಮರಳಿ ತಂದಿದೆ, ಏಕೆಂದರೆ ವೃಕ್ಷದ ಚಿತ್ರದಲ್ಲಿ ಅವಳಿಗೆ ಒಂದು ಮನೆ ಕಾದಿರಿಸಲಾಗಿತ್ತು. ಉಳಿದವರಿಗೆ ಆ ಚಿತ್ರದಲ್ಲಿ ಮನೆಯೇ ಇಲ್ಲ.

ಒಂದು ಭಾಷೆಯವರ ಹೆಸರನ್ನು ಇನ್ನೊಂದು ಭಾಷೆಯ ಗುಮಾಸ್ತ ಬರೆದಿಟ್ಟ ದಫ್ತರಗಳಲ್ಲಿ ಕೆಲಸ ಮಾಡುವವರಿಗೆ ಈ ಕುಟುಂಬದ ಅಧ್ಯಯನದಿಂದ ದೊರೆಯುವ ಪಾಠ ಇದೇ. ಹೆಸರನ್ನು ಕಣ್ಣಿನಿಂದಷ್ಟೇ ಅಲ್ಲ, ಕಿವಿಯಿಂದಲೂ ಓದಬೇಕು. ತಂದೆಯ ಗೆರೆ ಕಡಿದಲ್ಲಿ ಸಾಕ್ಷಿಗಳನ್ನೂ ನೆರೆಯವರನ್ನೂ ಹಿಡಿಯಬೇಕು. ಮನೆತನದ ಕಥೆ ಸುಳ್ಳಾಗಿದ್ದಾಗ ಅದನ್ನು ಹಾಳೆಯಿಂದ ತೆಗೆಯುವ ಮೊದಲು ಅದು ಯಾವ ಹಕ್ಕಿನ ಬದಲಿಗೆ ನಿಂತಿತ್ತು ಎಂಬುದನ್ನು ಬರೆದಿಡಬೇಕು. ಆ ಟಿಪ್ಪಣಿಯೂ ಸೇರಿದಾಗಲೇ ವೈಸರರ ವಂಶಾವಳಿ ಪೂರ್ಣವಾಗುತ್ತದೆ.